ಮೀನು ಕ್ಯಾಟಲಾಗ್ ಓದೋದಿಲ್ಲ

ಆನ್‌ಸೈಟ್ ಅಂತ ಅಮೆರಿಕಾಕ್ಕೆ ಬಂದ ನಮ್ಮ ಹುಡುಗರಲ್ಲಿ ಕೆಲವರಿಗೆ ಫ್ಲೈ ಫಿಶಿಂಗ್ ಹುಚ್ಚು ಹಿಡಿದಿದೆ. ಒಳ್ಳೇದೇ. ಗಾಳಕ್ಕೆ ಎರೆಹುಳ ಸಿಕ್ಕಿಸೋ ಬದಲು ಪುಕ್ಕ, ಕೂದಲು ಸುತ್ತಿ ಒಂದು ಸುಳ್ಳು ಮೀನು ಕಟ್ಟಿ, ಅದರಿಂದ ಸಮುದ್ರದ ದೊಡ್ಡ ಮೀನನ್ನ ಮೋಸ ಮಾಡೋ ಆಟ ಅದು.

ನನ್ನ ತಕರಾರು ಆ ಸುಳ್ಳಿನ ಬಗ್ಗೆ. ಮಿಣಮಿಣ ಹೊಳೆಯೋ ಪ್ಲಾಸ್ಟಿಕ್ ನಾರು, ಉಬ್ಬುಗಣ್ಣು, ಮೇಲೆ ಎಪಾಕ್ಸಿ ಅಂಟು, ಮಾರ್ಕರಿನಲ್ಲಿ ಬರೆದ ಹುರುಪೆ. ಟೇಬಲ್ ಮೇಲಿಟ್ಟು ಫೋಟೋ ತೆಗೆದರೆ ಜೀವಂತ ಮೀನೇ. ನೀರಿಗೆ ಹಾಕಿ ಎಳೆದರೆ? ಒಣಕಡ್ಡಿ! ನಮ್ಮ ಆಫೀಸ್ ಭಾಷೇಲಿ ಹೇಳೋದಾದ್ರೆ, ಡೆಮೋದಲ್ಲಿ ಓಡುತ್ತೆ, ಪ್ರೊಡಕ್ಷನ್‌ನಲ್ಲಿ ಮಲಗುತ್ತೆ.

ಮೇರಿಲ್ಯಾಂಡಿನ ಲೆಫ್ಟಿ ಕ್ರೆ 1950ರ ದಶಕದ ಕೊನೇಲಿ ಚೆಸಪೀಕ್ ಕೊಲ್ಲಿಯ ಸ್ಟ್ರೈಪ್ಡ್ ಬಾಸ್ ಹಿಡಿಯೋಕೆ 'ಡಿಸೀವರ್' ಕಟ್ಟಿದ್ದು ಯಾವುದರಿಂದ? ಹುಂಜದ ಪುಕ್ಕ, ಜಿಂಕೆ ಬಾಲದ ಕೂದಲು. ಅಷ್ಟೇ. ಎಸೆಯುವಾಗ ಪುಕ್ಕ ಕೊಕ್ಕೆಗೆ ಸುತ್ತಿಕೊಳ್ಳಬಾರದು, ನೀರಿಂದ ಎತ್ತಿದ ಕೂಡಲೇ ನೀರು ಬಿಡಬೇಕು, ಎಳೆದರೆ ಮೀನಿನ ಹಾಗೆ ಸಪೂರ ಆಗಬೇಕು. ಅವರು ಲೆಕ್ಕ ಹಾಕಿದ್ದು ಇವನ್ನೇ. 1991ರಲ್ಲಿ ಅಮೆರಿಕಾದ ಅಂಚೆ ಇಲಾಖೆ ಈ ಫ್ಲೈನ ಚಿತ್ರ ಹಾಕಿ ಸ್ಟಾಂಪ್ ತಂದಿತು.

ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ 1980ರ ದಶಕದಲ್ಲಿ ಕಟ್ಟಿದ 'ಮಿನ್ನೋ' ಇನ್ನೂ ಸರಳ. ಒಂದಿಷ್ಟು ಕೂದಲು, ಎರಡು ಸೀಸದ ಕಣ್ಣು. ಆ ಕಣ್ಣು ಅಲಂಕಾರಕ್ಕಲ್ಲ ಸ್ವಾಮಿ, ಭಾರಕ್ಕೆ! ಎಳೆಯೋದು ನಿಲ್ಲಿಸಿದ ಕ್ಷಣ ತಲೆ ಕೆಳಗಾಗಿ ಮುಳುಗುತ್ತೆ, ಏಟು ತಿಂದ ಮರಿಮೀನಿನ ಥರ. ಕೊಕ್ಕೆ ಮೇಲ್ಮುಖ ಇರೋದ್ರಿಂದ ತಳದ ಕಸಕ್ಕೂ ಅಷ್ಟಾಗಿ ಸಿಕ್ಕೋದಿಲ್ಲ. ನದಿ ಮೀನಿಗೆ ಅಂತ ಕಟ್ಟಿದ್ದು, ಈಗ ಸಮುದ್ರದಲ್ಲೂ ಅದೇ ನಡೆಯುತ್ತೆ.

ಹಾಗಂತ ಪ್ಲಾಸ್ಟಿಕ್ಕೇ ಬೇಡ ಅಂತಲ್ಲ. ಬ್ಲೂಫಿಶ್‌ನ ಹಲ್ಲಿಗೆ ಪುಕ್ಕ ನಾಲ್ಕು ಏಟು ತಡೆಯೋದಿಲ್ಲ, ಅಲ್ಲಿ ನಾರೇ ಸರಿ. ಮೆನ್‌ಹೇಡನ್ ಥರ ಅಗಲ ಮೈಯ ಮೀನನ್ನ ಅನುಕರಿಸೋಕೂ ನೀರು ಕುಡಿಯದ ನಾರು ಬೇಕು, ಇಲ್ಲಾಂದ್ರೆ ಒದ್ದೆ ಗೋಣಿಚೀಲ ಎಸೆದ ಹಾಗಾಗುತ್ತೆ. ಆದರೆ ಅಲ್ಲಿ ಓಡಾಡ್ತಿರೋದು ಸ್ಯಾಂಡ್ ಈಲ್ ಆಗಿದ್ರೆ? ಅದು ಪೆನ್ಸಿಲ್‌ನಷ್ಟು ಸಪೂರ. ಅದಕ್ಕೆ ಹತ್ತಿಪ್ಪತ್ತು ಎಳೆ ಕೂದಲು ಸಾಕು. ಅಂದ್ರೆ ಪ್ರಶ್ನೆ 'ಯಾವುದು ಬೆಸ್ಟ್ ಮಟೀರಿಯಲ್' ಅನ್ನೋದಲ್ಲ. ಇವತ್ತು ಈ ನೀರಲ್ಲಿ ಯಾವ ಮೀನು ಯಾವುದನ್ನ ತಿಂತಿದೆ ಅನ್ನೋದು.

ಈ ಪ್ರಶ್ನೆಗೆ ಅಂಗಡಿ ಉತ್ತರ ಕೊಡೋಕಾಗಲ್ಲ. ಹಾಗಾಗಿ ಬೇರೆ ಪ್ರಶ್ನೆಗೆ ಉತ್ತರ ಮಾರುತ್ತೆ: ನಿಮ್ಮ ಕಣ್ಣಿಗೆ ಯಾವುದು ಚೆನ್ನಾಗಿ ಕಾಣುತ್ತೆ? ನಾವೂ ನೋಡೋ ಕೆಲಸ ಬಿಟ್ಟು ಕೊಳ್ಳೋ ಕೆಲಸ ಹಿಡಿದಿದ್ದೀವಿ. ನಮ್ಮೂರಲ್ಲಿ ಕೆರೆ ಏರಿ ಮೇಲೆ ಗಾಳ ಹಾಕೋರು ಮೊದಲು ನೀರು ನೋಡ್ತಿದ್ರು, ಆಮೇಲೆ ಎರೆ ಹುಡುಕ್ತಿದ್ರು. ಆ ಕ್ರಮ ತಿರುಗಾಮುರುಗಾ ಮಾಡೋಕೆ ಬಿಇ ಡಿಗ್ರಿ ಬೇಕಾಯ್ತು ನೋಡಿ.

ಮುಂದಿನ ಪ್ಯಾಕೆಟ್ ಕೊಳ್ಳೋ ಮುಂಚೆ ಮನೇಲಿರೋ ಫ್ಲೈ ತಗೊಂಡು ಬಾತ್‌ಟಬ್ಬಿನಲ್ಲಿ ಒಮ್ಮೆ ಎಳೆದು ನೋಡಿ. ಈಜುತ್ತಾ? ಇಟ್ಕೊಳ್ಳಿ. ಇಲ್ವಾ? ಶೋಕೇಸಲ್ಲಿಡಿ.