ಎಣಿಸಿದವರು ಯಾರು?

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಈಗ ಸ್ವಂತ ವಾಹನದಲ್ಲಿ ಹತ್ತುವಂತಿಲ್ಲ. ಬುಡದಲ್ಲಿ ಗಾಡಿ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸಿಗೆ ಕಾಯಬೇಕು. ನಾವು ಅಲ್ಲಿಗೆ ಹೋಗುವುದು ಮಂಜು ನೋಡಲು. ಹೀಗೆ ಕಾಯುತ್ತಾ ನಿಂತಿದ್ದಾಗ ಪಕ್ಕದಲ್ಲಿ ಒಂದು ಸಣ್ಣ ವಾಗ್ವಾದ ನಡೆಯಿತು. ಹಂಗಳದ ಕಡೆಯ ರೈತರೊಬ್ಬರು ಹೇಳುತ್ತಿದ್ದರು: "ರಾಜ್ಯಕ್ಕೆಲ್ಲ ಕೊರೋನಾ ಬಂದ್ರೂ ನಮ್ ಜಿಲ್ಲೆಗೆ ಬರ್ನಿಲ್ಲ ಕನಪ್ಪ. ಈ ಕಡೆ ಗೋಪಾಲಸ್ವಾಮಿ, ಆ ಕಡೆ ಮಾದಪ್ಪ ನೋಡ್ಕತಿದ್ರು." ಕಾಲೇಜಿನ ಹುಡುಗನೊಬ್ಬ ನಕ್ಕು ಕೇಳಿದ: "ಟೆಸ್ಟೇ ಮಾಡ್ನಿಲ್ಲ ಅಂದ್ರೆ ಎಲ್ಲಿಂದ ಸಿಕ್ಕದು ತಾತ?"

ತಾತ ಹೇಳಿದ್ದರಲ್ಲಿ ಸುಳ್ಳಿಲ್ಲ. 2020ರ ಜೂನ್ ಮೊದಲ ವಾರ ಮುಗಿಯುವವರೆಗೂ ಚಾಮರಾಜನಗರ ಜಿಲ್ಲೆಯಲ್ಲಿ ಒಂದೂ ಪ್ರಕರಣ ವರದಿಯಾಗಿರಲಿಲ್ಲ. ಪತ್ರಿಕೆಗಳು ಹಸಿರು ಜಿಲ್ಲೆಯೆಂದು ಹೊಗಳಿದವು. ಹುಡುಗನ ಪ್ರಶ್ನೆಯೂ ಸರಿಯೇ. ಆದರೆ ಅವನ ಮಾತನ್ನೂ ನಾವು ಹಾಗೆಯೇ ನುಂಗಬೇಕಾಗಿಲ್ಲ. ಕೇರಳ, ತಮಿಳುನಾಡುಗಳ ಗಡಿ ಮುಚ್ಚಿತ್ತು. ಬಂಡೀಪುರದ ರಸ್ತೆಗಳು ಖಾಲಿ ಬಿದ್ದಿದ್ದವು. ಹೊರಗಿನಿಂದ ಬಂದವರೇ ಕಡಿಮೆ. ಪ್ರಕರಣ ಇಲ್ಲದಿರುವುದಕ್ಕೆ ಸ್ವಾಮಿಯ ಕೃಪೆ ಒಂದು ಕಾರಣ, ಪರೀಕ್ಷೆಯ ಕೊರತೆ ಇನ್ನೊಂದು ಕಾರಣ ಎಂದು ಅಲ್ಲಿಗೇ ನಿಲ್ಲಿಸಿಬಿಟ್ಟರೆ ಮೂರನೆಯ ಕಾರಣ ಕಣ್ಣಿಗೆ ಬೀಳುವುದೇ ಇಲ್ಲ.

ಇದೇ ಜಿಲ್ಲೆ ಇನ್ನೊಂದು 'ಸಂಶೋಧನೆ'ಗೂ ಹೆಸರುವಾಸಿ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮಾತು ದಶಕಗಳಿಂದ ವಿಧಾನಸೌಧದಲ್ಲಿ ಓಡಾಡುತ್ತಿದೆ. ಬಂದು ಹೋಗಿ ಅಧಿಕಾರ ಕಳೆದುಕೊಂಡವರ ಪಟ್ಟಿ ಎಲ್ಲರ ಬಾಯಲ್ಲೂ ಇದೆ. ಬಾರದೆಯೇ ಕಳೆದುಕೊಂಡವರ ಪಟ್ಟಿಯನ್ನು ಯಾರೂ ಮಾಡಲಿಲ್ಲ. ಸಿದ್ದರಾಮಯ್ಯನವರು 2013ರಲ್ಲಿ ಬಂದರು, ಮತ್ತೆ ಮತ್ತೆ ಬಂದರು, ಐದು ವರ್ಷ ಪೂರೈಸಿದರು. ಮೂಢನಂಬಿಕೆ ಎಂದು ನಗುವುದು ಸುಲಭ. ಆದರೆ ಬೇಕಾದವರನ್ನು ಎಣಿಸಿ ಬೇಡದವರನ್ನು ಬಿಡುವ ಇದೇ ಲೆಕ್ಕ 2020ರ ಏಪ್ರಿಲ್‌ನಲ್ಲಿ ದೆಹಲಿಯ ಪತ್ರಿಕಾಗೋಷ್ಠಿಗಳಲ್ಲಿ ವಿಜ್ಞಾನದ ಹೆಸರಿನಲ್ಲಿ ಬಂತಲ್ಲ, ಆಗ ನಕ್ಕವರೆಷ್ಟು ಮಂದಿ?

ಆ ದಿನಗಳನ್ನು ನಮ್ಮಂಥವರು ಮರೆಯುವಂತಿಲ್ಲ. ನಿಜಾಮುದ್ದೀನ್ ಮರ್ಕಜ್‌ನಲ್ಲಿ ಸೇರಿದ್ದ ತಬ್ಲೀಗಿಗಳಲ್ಲಿ ಸೋಂಕು ಇದ್ದದ್ದು ನಿಜ. ಅಂಥ ಹೊತ್ತಿನಲ್ಲಿ ಜನ ಸೇರಿಸಿದ್ದು ಅವಿವೇಕವೆಂದು ನಾವು ಆಗಲೂ ಹೇಳಿದ್ದೆವು, ಈಗಲೂ ಹೇಳುತ್ತೇವೆ. ಏಪ್ರಿಲ್ 5ರಂದು ಕೇಂದ್ರ ಆರೋಗ್ಯ ಇಲಾಖೆ ಹೇಳಿತು: ಪ್ರಕರಣಗಳು 4.1 ದಿನಕ್ಕೆ ದುಪ್ಪಟ್ಟಾಗುತ್ತಿವೆ, ತಬ್ಲೀಗಿಗಳು ಇಲ್ಲದಿದ್ದರೆ 7.4 ದಿನ ಆಗುತ್ತಿತ್ತು. ಏಪ್ರಿಲ್ 18ರಂದು ಇನ್ನೊಂದು ಲೆಕ್ಕ: ಒಟ್ಟು 14,378 ಪ್ರಕರಣಗಳಲ್ಲಿ 4,291 ತಬ್ಲೀಗ್ ಸಂಬಂಧಿತ, ಅಂದರೆ ಶೇಕಡಾ 29.8.

ಅಂಕಿಗಳು ಸುಳ್ಳೆಂದು ನಾವು ಹೇಳುತ್ತಿಲ್ಲ. ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು. ಆಗ ದೇಶದಲ್ಲಿ ಪರೀಕ್ಷೆ ಯಾರಿಗೆ ನಡೆಯುತ್ತಿತ್ತು? ವಿದೇಶದಿಂದ ಬಂದವರಿಗೆ, ಸೋಂಕಿತರ ಸಂಪರ್ಕಕ್ಕೆ ಬಂದವರಿಗೆ, ಉಸಿರಾಟದ ತೀವ್ರ ತೊಂದರೆಯಿಂದ ಆಸ್ಪತ್ರೆ ಸೇರಿದವರಿಗೆ. ಇವರ ನಡುವೆ ಒಂದು ಗುಂಪನ್ನು ಮಾತ್ರ ಊರೂರು ಹುಡುಕಿ, ಮನೆಮನೆಗೆ ಹೋಗಿ ಹಿಡಿದು ತಂದು ಪರೀಕ್ಷಿಸಿದರು. ಒಂದೇ ಕೆರೆಗೆ ಬಲೆ ಬೀಸಿ, ಊರಿನ ಮೀನೆಲ್ಲ ಈ ಕೆರೆಯಲ್ಲೇ ಇವೆ ಎಂದರೆ ಮೀನುಗಾರ ನಗುತ್ತಾನೆ. ಹುಡುಕಿ ಪರೀಕ್ಷಿಸಿದ್ದು ತಪ್ಪಲ್ಲ, ರೋಗ ತಡೆಯಲು ಅದು ಬೇಕಿತ್ತು. ಆದರೆ ಒಟ್ಟು ಎಷ್ಟು ತಬ್ಲೀಗಿಗಳನ್ನು, ಎಷ್ಟು ಇತರರನ್ನು ಪರೀಕ್ಷಿಸಿದ್ದೇವೆಂದು ಹೇಳದೆ ಬರೀ ಸಿಕ್ಕವರ ಸಂಖ್ಯೆಯನ್ನು ದಿನವೂ ಓದಿದ್ದು ತಪ್ಪು. ಆ ಅರ್ಧ ಲೆಕ್ಕವನ್ನು ಕನ್ನಡದ ಚಾನೆಲ್ಲುಗಳು 'ಕೊರೋನಾ ಜಿಹಾದ್' ಮಾಡಿದವು. ತಳ್ಳುಗಾಡಿಯಲ್ಲಿ ಹಣ್ಣು ಮಾರುವವನ ಹೆಸರು ಕೇಳಿ ಜನ ಹಿಂದೆ ಸರಿದರು. 2020ರ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಪ್ರಕರಣಗಳನ್ನು ರದ್ದು ಮಾಡುತ್ತಾ, ಇವರನ್ನು ಬಲಿಪಶು ಮಾಡಲಾಗಿದೆ ಎಂದಿತು. ದೆಹಲಿಯಲ್ಲಿ ಅವರಿಗೆ ಆಶ್ರಯ ಕೊಟ್ಟಿದ್ದ 70 ಮಂದಿ ಭಾರತೀಯರ ಮೇಲಿನ ಪ್ರಕರಣಗಳು ರದ್ದಾಗಲು 2025ರ ಜುಲೈವರೆಗೆ ಕಾಯಬೇಕಾಯಿತು. ತೀರ್ಪಿನ ಸುದ್ದಿ ಒಳಪುಟದಲ್ಲಿ ಬಂತು ಎಂಬುದನ್ನು ಹೇಳಬೇಕಾಗಿಲ್ಲ.

ಇಷ್ಟೆಲ್ಲ ಅನುಭವಿಸಿದ ಸಮುದಾಯ ಲೆಕ್ಕ ಕೇಳುವುದನ್ನು ಕಲಿತಿರಬೇಕಿತ್ತು. ವಿಪರ್ಯಾಸವೆಂದರೆ ನಮ್ಮವರು ಕಲಿತದ್ದು ಎಲ್ಲವನ್ನೂ ಅನುಮಾನಿಸುವುದನ್ನು. 2021ರ ಆರಂಭದಲ್ಲಿ ಲಸಿಕೆ ಬಂದಾಗ ಮೊಹಲ್ಲಾಗಳಲ್ಲಿ ವಾಯ್ಸ್ ಮೆಸೇಜುಗಳು ಹರಿದಾಡಿದವು. ಲಸಿಕೆ ಹಾಕಿಸಿಕೊಂಡರೆ ಮಕ್ಕಳಾಗುವುದಿಲ್ಲ, ಅದರಲ್ಲಿ ಹಂದಿಯ ಕೊಬ್ಬಿದೆ, ಕಲೋಂಜಿ ಎಣ್ಣೆ ಇರುವಾಗ ಸೂಜಿ ಏಕೆ? ಕೋವಿಶೀಲ್ಡ್‌ನಲ್ಲಾಗಲಿ ಕೋವ್ಯಾಕ್ಸಿನ್‌ನಲ್ಲಾಗಲಿ ಹಂದಿಯ ಅಂಶ ಇರಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಆ ಕಡೆಯವರಿಗೂ ಒಂದು ಪ್ರಾಣಿ ಸಿಕ್ಕಿತು: ಕೋವ್ಯಾಕ್ಸಿನ್‌ನಲ್ಲಿ ಎಳೆಗರುವಿನ ರಕ್ತಸಾರವಿದೆ ಎಂದು. ವೈರಸ್ ಬೆಳೆಸುವ ಜೀವಕೋಶಗಳ ಪೋಷಣೆಗೆ ಅದನ್ನು ಬಳಸಿ ಆಮೇಲೆ ತೊಳೆದು ತೆಗೆಯುತ್ತಾರೆ, ಲಸಿಕೆಯಲ್ಲಿ ಅದು ಇರುವುದಿಲ್ಲ ಎಂದು ಸರ್ಕಾರ ವಿವರಣೆ ಕೊಡಬೇಕಾಯಿತು. ನಮಗೆ ಹಂದಿ, ಅವರಿಗೆ ಕರು. ಒಂದೇ ಸೀಸೆಯಿಂದ ಎರಡು ಧರ್ಮಗಳನ್ನು ಕೆಡಿಸಬಹುದೆಂದು ನಂಬಿದ ದೇಶ ನಮ್ಮದು.

ಉರ್ದು ಶಾಲೆಯಲ್ಲಿ ಕೂತು ಕಲಿತ ನಮಗೆ ಇದರಲ್ಲಿ ಹೆಚ್ಚಿನ ನಾಚಿಕೆಯಾಗುವುದಕ್ಕೆ ಕಾರಣವಿದೆ. ಸಂಶೋಧನೆಗೆ ಉರ್ದುವಿನಲ್ಲಿ 'ತಹ್ಕೀಕ್' ಎನ್ನುತ್ತಾರೆ. ಆ ಪದದ ಒಡಲಲ್ಲಿ 'ಹಕ್' ಇದೆ, ಸತ್ಯ ಎಂಬ ಅರ್ಥವಿದೆ. ಹದೀಸ್ ವಿದ್ವಾಂಸರು ಒಂದು ಮಾತನ್ನು ಒಪ್ಪುವ ಮೊದಲು ಅದರ ಸನದ್ ಕೇಳುತ್ತಿದ್ದರು. ನಿನಗೆ ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು, ಅವರು ನಂಬಿಕಸ್ಥರೇ, ಇಬ್ಬರೂ ಒಂದೇ ಕಾಲದಲ್ಲಿ ಬದುಕಿದ್ದರೇ? ಸರಪಣಿಯಲ್ಲಿ ಒಂದು ಕೊಂಡಿ ಕಳಚಿದ್ದರೆ ಮಾತು ದುರ್ಬಲ. ಇಂಥ ಶಿಸ್ತನ್ನು ಕಟ್ಟಿದವರ ಪರಂಪರೆಯ ಮಕ್ಕಳು 'ಬಂದದ್ದನ್ನು ಹಾಗೆಯೇ ಕಳಿಸಿದ್ದೇನೆ' ಎಂದು ಬರೆದು ಮೊಬೈಲಿನ ಗುಂಡಿ ಒತ್ತುತ್ತಾರೆ. ಹದಿನಾಲ್ಕನೆಯ ಶತಮಾನದಲ್ಲಿ ಗ್ರನಡಾದ ವೈದ್ಯ ಮತ್ತು ಮಂತ್ರಿ ಇಬ್ನುಲ್ ಖತೀಬ್, ಪ್ಲೇಗು ಒಬ್ಬರಿಂದೊಬ್ಬರಿಗೆ ಹರಡುತ್ತದೆಂದು ವಾದಿಸಿದರು. ಅವರ ಆಧಾರ ಕಂಡದ್ದು ಮತ್ತು ಎಣಿಸಿದ್ದು: ರೋಗಿಯ ಸಂಪರ್ಕಕ್ಕೆ ಬಂದವರು ಬಿದ್ದರು, ದೂರ ಉಳಿದವರು ಉಳಿದರು. ಕಣ್ಣಿಗೆ ಕಂಡ ಸತ್ಯ ಗ್ರಂಥದ ಮಾತಿನ ಜೊತೆ ತಾಳೆಯಾಗದಿದ್ದರೆ ಮಾತಿನ ಅರ್ಥವನ್ನು ಮತ್ತೆ ವಿವೇಚಿಸಬೇಕೆಂದೂ ಹೇಳುವ ಧೈರ್ಯ ಅವರಿಗಿತ್ತು. ನಮ್ಮ ವೇದಿಕೆಗಳಲ್ಲಿ ಇಬ್ನ್ ಸೀನಾ ಹೆಸರನ್ನು ಹೆಮ್ಮೆಯಿಂದ ಕೂಗುವವರು ಈ ಧೈರ್ಯದ ವಿಷಯ ಎತ್ತುವುದಿಲ್ಲ.

ಹಾಗಾದರೆ ತಜ್ಞರು ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಒಪ್ಪಬೇಕೆ? ಅಲ್ಲಿಗೆ ಬರೋಣ.

ನಮ್ಮ ಖಾಲಾ 2021ರ ಏಪ್ರಿಲ್ ಕೊನೆಯಲ್ಲಿ ಖಾಸಗಿ ಆಸ್ಪತ್ರೆಯೊಂದರಲ್ಲಿದ್ದರು. ಪ್ಲಾಸ್ಮಾ ತನ್ನಿ ಎಂದು ಚೀಟಿ ಬರೆದು ಕೊಟ್ಟರು. ನಾವು, ನಮ್ಮ ಖಾಲಾಜಾದ್ ಭಾಯಿ ಎರಡು ದಿನ ನಿದ್ದೆಯಿಲ್ಲದೆ ಓಡಿದೆವು. ಗುಣವಾದವರಿಗೆ ಫೋನು ಮಾಡಿ ಕೈಮುಗಿದೆವು. ಪ್ಲಾಸ್ಮಾ ಸಿಕ್ಕಿತು. ಖಾಲಾ ಉಳಿಯಲಿಲ್ಲ. ಎಷ್ಟೋ ತಿಂಗಳ ನಂತರ ನಮಗೆ ಗೊತ್ತಾದದ್ದು ಇದು: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪ್ಲಾಸ್ಮಾ ಪರೀಕ್ಷೆ ನಡೆಸಿತ್ತು. ಅರ್ಧದಷ್ಟು ಜನರಿಗೆ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ರೋಗ ಉಲ್ಬಣಿಸಿದವರು ಮತ್ತು ಸತ್ತವರು ಸೇರಿ, ಕೊಟ್ಟವರಲ್ಲಿ ಶೇಕಡಾ 19, ಕೊಡದವರಲ್ಲಿ ಶೇಕಡಾ 18. ಅಂದರೆ ಪ್ರಯೋಜನವಿಲ್ಲ. ಇದು 2020ರ ಅಕ್ಟೋಬರ್‌ನಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಗಿತ್ತು. ಪ್ಲಾಸ್ಮಾವನ್ನು ಚಿಕಿತ್ಸೆಯ ಮಾರ್ಗಸೂಚಿಯಿಂದ ತೆಗೆದದ್ದು 2021ರ ಮೇ 17ರಂದು. ನಡುವಿನ ಏಳು ತಿಂಗಳು ನಮ್ಮಂಥ ಸಾವಿರಾರು ಮನೆಯವರು ಬೀದಿಯಲ್ಲಿ ಓಡಿದರು. ನಮ್ಮದೇ ದೇಶದ ವಿಜ್ಞಾನಿಗಳು ನಮ್ಮದೇ ರೋಗಿಗಳ ನಡುವೆ ಕಂಡುಕೊಂಡ ಸತ್ಯವನ್ನು ಪಾಲಿಸಲು ಯಾರು ಅಡ್ಡಬಂದರು? ಈ ಪ್ರಶ್ನೆಗೆ ಇವತ್ತಿಗೂ ಉತ್ತರವಿಲ್ಲ. ಇನ್ನೊಂದು ನೆನಪು: 2020ರ ಬೇಸಿಗೆಯಲ್ಲಿ ದೆಹಲಿಯಲ್ಲಿ ಗುಣಮುಖರಾದ ತಬ್ಲೀಗಿಗಳು ಸಾಲುಗಟ್ಟಿ ಪ್ಲಾಸ್ಮಾ ಕೊಟ್ಟಿದ್ದರು, ನಾವು ಅದನ್ನು ಎದೆಯುಬ್ಬಿಸಿ ಹೇಳಿಕೊಂಡಿದ್ದೆವು. ಕೊಟ್ಟವರ ಮನಸ್ಸು ದೊಡ್ಡದು, ಮದ್ದು ಕೆಲಸ ಮಾಡಲಿಲ್ಲ. ಎರಡೂ ನಿಜ.

ದೊಡ್ಡ ಹೆಸರಿನ ಪತ್ರಿಕೆಯೂ ಎಡವುತ್ತದೆ. 2020ರ ಮೇ 22ರಂದು ಲ್ಯಾನ್ಸೆಟ್ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಅಪಾಯಕಾರಿ ಎಂಬ ಲೇಖನ ಪ್ರಕಟಿಸಿತು. 671 ಆಸ್ಪತ್ರೆ, 96 ಸಾವಿರ ರೋಗಿಗಳ ಲೆಕ್ಕ ಎಂದಿತು. ಮೂಲ ದಾಖಲೆ ತೋರಿಸಿ ಎಂದು ನೂರಕ್ಕೂ ಹೆಚ್ಚು ಸಂಶೋಧಕರು ಬಹಿರಂಗ ಪತ್ರ ಬರೆದರು. ತೋರಿಸಲಾಗಲಿಲ್ಲ. ಜೂನ್ 4ರಂದು ಲೇಖನ ವಾಪಸಾಯಿತು. ಮರುದಿನವೇ ಬ್ರಿಟನ್ನಿನ ರಿಕವರಿ ಪ್ರಯೋಗ ಅದೇ ಮಾತ್ರೆಯಿಂದ ಆಸ್ಪತ್ರೆಯ ರೋಗಿಗಳಿಗೆ ಪ್ರಯೋಜನವಿಲ್ಲ ಎಂದಿತು. ಅದರ ಲೆಕ್ಕ ತೆರೆದಿತ್ತು, ನಿಂತಿತು. ನೋಡಿ, ವಿಜ್ಞಾನಿಗಳು ದಿನಕ್ಕೊಂದು ಹೇಳುತ್ತಾರೆ ಎಂದು ಕೈಚೆಲ್ಲುವವರು ಈ ಎರಡರ ನಡುವಿನ ವ್ಯತ್ಯಾಸ ಗಮನಿಸಲಿ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 28ರಂದು ಕೊರೋನಾ ಗಾಳಿಯಲ್ಲಿ ಹರಡುವುದಿಲ್ಲ ಎಂದು ಖಡಾಖಂಡಿತವಾಗಿ ಸಾರಿತ್ತು. ಆಮೇಲೆ ಮೆಲ್ಲಮೆಲ್ಲನೆ ಮಾತು ಬದಲಿಸಿತು. ಬದಲಿಸಿದ್ದಕ್ಕೆ ನಮ್ಮ ತಕರಾರಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆಯೆಂಬ ದನಿಯಲ್ಲಿ ಹೇಳಿದ್ದಕ್ಕೆ ತಕರಾರು.

ಲಸಿಕೆ ಬೇಡ ಎನ್ನುವವರೆಲ್ಲ ದಡ್ಡರು ಎಂದು ನಗರದ ಪ್ರಜ್ಞಾವಂತರು ಹೇಳುವುದುಂಟು. ಅವರು ಮಂಗನ ಕಾಯಿಲೆಯ ಕಥೆ ಕೇಳಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ 2012ರ ಕೊನೆಗೆ ಬಂಡೀಪುರದಲ್ಲೂ ಕಾಣಿಸಿಕೊಂಡಿತು. ಸತ್ತ ಮಂಗಗಳನ್ನು ಮುಟ್ಟಿದ ಕಾಡಿನ ಕೆಲಸಗಾರರಿಗೆ ಜ್ವರ ಬಂತು. ಇದಕ್ಕೆ 1990ರಿಂದ ಲಸಿಕೆ ಬಳಕೆಯಲ್ಲಿತ್ತು. ಸೂಜಿ ನೋವು, ಉಪಯೋಗವಿಲ್ಲ ಎಂದು ಮಲೆನಾಡಿನ ಹಳ್ಳಿಯವರು ಹಿಂಜರಿಯುತ್ತಿದ್ದರು. 2005ರಿಂದ 2010ರವರೆಗಿನ ದಾಖಲೆ ಹಿಡಿದು ಎಣಿಸಿದಾಗ ಎರಡು ಡೋಸಿನಿಂದ ಶೇಕಡಾ 62, ಬೂಸ್ಟರ್ ಸೇರಿದರೆ 83ರಷ್ಟು ರಕ್ಷಣೆ ಕಂಡಿತ್ತು. 2022ರಲ್ಲಿ ಅದೇ ಲಸಿಕೆ ಸಾಕಷ್ಟು ಪರಿಣಾಮಕಾರಿಯಲ್ಲವೆಂದು ಕೊಡುವುದನ್ನೇ ನಿಲ್ಲಿಸಿದರು. ಹಳ್ಳಿಯವರ ಅನುಮಾನದಲ್ಲಿ ಹುರುಳಿತ್ತು. ಅದನ್ನು ಪರೀಕ್ಷಿಸುವ ಬದಲು ಅಜ್ಞಾನ ಎಂದು ತಳ್ಳಿಹಾಕಿದ್ದು ಯಾರ ಅಜ್ಞಾನ?

ಕೊನೆಗೆ ಚಾಮರಾಜನಗರಕ್ಕೇ ಮರಳಬೇಕು. ಹಸಿರು ಜಿಲ್ಲೆ ಎಂದು ಹೊಗಳಿಸಿಕೊಂಡು ವರ್ಷ ತುಂಬುವ ಮೊದಲೇ, 2021ರ ಮೇ 2ರ ರಾತ್ರಿ, ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಬೆಳಗಾಗುವ ಹೊತ್ತಿಗೆ ನಾಡಿಗೆಲ್ಲ ತಿಳಿದ ಸಂಖ್ಯೆ 24. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರೇ, ಉಳಿದವರು ಬೇರೆ ಕಾಯಿಲೆಗಳಿಂದ ಸತ್ತರು ಎಂದು ಆರೋಗ್ಯ ಸಚಿವರು ಹೇಳಿದರು. ಮೈಸೂರಿನವರು ಕಳಿಸಲಿಲ್ಲ ಎಂದು ಇವರು, ನಾವು ತಡೆದಿಲ್ಲ ಎಂದು ಅವರು. ಹೈಕೋರ್ಟಿನ ಮಧ್ಯಪ್ರವೇಶದಿಂದ ರಚನೆಯಾದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ಸಮಿತಿ, ಆ ರಾತ್ರಿ ಕೆಲವು ಗಂಟೆಗಳ ಕಾಲ ಆಸ್ಪತ್ರೆಯಲ್ಲಿ ಆಮ್ಲಜನಕ ಇರಲೇ ಇಲ್ಲವೆಂದು ಹೇಳಿತು. ಕುಟುಂಬಗಳ ಪರವಾಗಿ ನಿಂತವರು 36 ಎನ್ನುತ್ತಾರೆ. ಮೂರು, ಇಪ್ಪತ್ನಾಲ್ಕು, ಮೂವತ್ತಾರು. ಒಂದೇ ಆಸ್ಪತ್ರೆ.

ಅದೇ ವರ್ಷ ಜುಲೈ 20ರಂದು ಕೇಂದ್ರ ಸರ್ಕಾರ ರಾಜ್ಯಸಭೆಯಲ್ಲಿ ಕೊಟ್ಟ ಉತ್ತರ: ಆಮ್ಲಜನಕದ ಕೊರತೆಯಿಂದಲೇ ಸಾವು ಸಂಭವಿಸಿದೆಯೆಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ಈ ವಾಕ್ಯವನ್ನು ನಿಧಾನವಾಗಿ ಓದಬೇಕು. ಯಾರೂ ಸತ್ತಿಲ್ಲ ಎಂದು ಅದು ಹೇಳುವುದಿಲ್ಲ, ವರದಿ ಬಂದಿಲ್ಲ ಎನ್ನುತ್ತದೆ. ವರದಿ ಬರೆಯಬೇಕಾದವರು ಯಾರು, ಸಾವಿನ ಕಾರಣದ ಅಂಕಣದಲ್ಲಿ 'ಸಿಲಿಂಡರ್ ಖಾಲಿಯಾಗಿತ್ತು' ಎಂದು ಬರೆಯುವ ಧೈರ್ಯ ಯಾವ ವೈದ್ಯರಿಗಿದೆ? ಟೆಸ್ಟೇ ಮಾಡದಿದ್ದರೆ ಎಲ್ಲಿಂದ ಸಿಗುತ್ತದೆ ಎಂದ ಹುಡುಗನಿಗೆ ಇದನ್ನು ವಿವರಿಸಬೇಕಾಗಿಲ್ಲ. ದೇಶದ ಜನನ ಮರಣ ನೋಂದಣಿಯ ಪ್ರಕಾರ 2020ರಲ್ಲಿ ದಾಖಲಾದ ಸಾವುಗಳು ಸುಮಾರು 81 ಲಕ್ಷ, 2021ರಲ್ಲಿ 1 ಕೋಟಿ 2 ಲಕ್ಷ. 2021ರ ಅಧಿಕೃತ ಕೋವಿಡ್ ಸಾವು ಸುಮಾರು 3.3 ಲಕ್ಷ. ಹೆಚ್ಚಾದದ್ದೆಲ್ಲ ಕೋವಿಡ್ ಎಂದು ನಾವು ಹೇಳುವುದಿಲ್ಲ, ನೋಂದಣಿಯೂ ಸುಧಾರಿಸಿರಬಹುದು. ಆದರೆ ಈ ಅಂಕಿಗಳು ಜನರ ಕೈಗೆ ಬಂದದ್ದು 2025ರ ಮೇ ತಿಂಗಳಲ್ಲಿ. ನಾಲ್ಕು ವರ್ಷ ಏಕೆ ಬೇಕಾಯಿತು? ತಬ್ಲೀಗಿಗಳ ಸಂಖ್ಯೆಯನ್ನು ದಿನವೂ ಸಂಜೆ ನಾಲ್ಕಕ್ಕೆ ಓದಲು ಬಿಡುವಿದ್ದವರಿಗೆ ಇದಕ್ಕೆ ಬಿಡುವಿರಲಿಲ್ಲವೇ?

ಬೆಟ್ಟದ ಮೇಲೆ ಆ ದಿನ ಮಂಜು ದಟ್ಟವಾಗಿತ್ತು. ಇಳಿಯುವ ಬಸ್ಸಿನಲ್ಲಿ ತಾತ ನಮ್ಮ ಪಕ್ಕದಲ್ಲೇ ಕೂತರು. ಆಮ್ಲಜನಕದ ಮಾತು ಬಂತು. "ನಮ್ ಊರ ಪಕ್ಕದೋರೂ ಒಬ್ರು ಇದ್ರು ಅಲ್ಲಿ ಬುದ್ದಿ," ಎಂದರು. "ಕಾಗದದಲ್ಲಿ ಏನೋ ಬೇರೆ ಬರ್ದವ್ರಂತೆ."

ಆ ರಾತ್ರಿ ವಾರ್ಡಿನಲ್ಲಿದ್ದ ಪ್ರತಿಯೊಬ್ಬರ ಕೇಸ್ ಶೀಟನ್ನೂ, ಸಿಲಿಂಡರ್ ಬಂದ ಹೋದ ಸಮಯದ ಪುಸ್ತಕವನ್ನೂ ಕುಟುಂಬಗಳ ಕೈಗೆ ಕೊಡಲಿ. ಎಣಿಸುವುದನ್ನು ಅವರೇ ಮಾಡಿಕೊಳ್ಳುತ್ತಾರೆ.