ಕೃಪೆ ಮತ್ತು ಕರ್ಮ

ಕ್ರೈಸ್ತರದು ನಂಬಿಕೆಯ ಮುಕ್ತಿ, ನಮ್ಮದು ಜ್ಞಾನದ ಮುಕ್ತಿ ಎನ್ನುವ ಮಿತ್ರರು ಅದ್ವೈತವೊಂದನ್ನೇ ಹಿಂದೂ ದರ್ಶನವೆಂದು ಎಣಿಸಿದಂತಿದೆ. ಮೇಲುಕೋಟೆಯಲ್ಲಿ ನೆಲಸಿದ್ದ ರಾಮಾನುಜರ ತರುವಾಯ ಶ್ರೀವೈಷ್ಣವರು ಕೃಪೆಯ ವಿಷಯದಲ್ಲಿಯೇ ಭಿನ್ನಾಭಿಪ್ರಾಯ ತಾಳಿದರು. ಕೋತಿಯ ಮರಿ ತಾಯಿಯನ್ನು ತಾನೇ ತಬ್ಬಿಕೊಳ್ಳಬೇಕು ಎಂದರು ವಡಗಲೆಯವರು. ಬೆಕ್ಕಿನ ಮರಿಗೆ ಆ ಶ್ರಮವೂ ಇಲ್ಲ, ತಾಯಿಯೇ ಕಚ್ಚಿ ಒಯ್ಯುವುದು ಎಂದರು ತೆಂಗಲೆಯವರು. ಐದನೆಯ ಶತಮಾನದಲ್ಲಿ ಸಂತ ಅಗಸ್ಟೀನನಿಗೂ ಪೆಲೇಗಿಯಸನಿಗೂ ನಡೆದ ವಾದ ಇದರ ಸೋದರನೇ ಸರಿ. (ಪೆಲೇಗಿಯಸನು ಕೋತಿಮರಿಗಿಂತಲೂ ಸ್ವಾವಲಂಬಿ!) ಎ. ಜೆ. ಅಪ್ಪಸಾಮಿಯವರಂತೂ ಕ್ರೈಸ್ತಧರ್ಮವನ್ನು ಭಕ್ತಿಮಾರ್ಗವೆಂದೇ ಕರೆದು 1927ರಲ್ಲಿ ಗ್ರಂಥ ಬರೆದರು.

ತೊಡಕಿರುವುದು ಬೇರೆಡೆ. ಮಾಡಿದವನೇ ಉಣ್ಣಬೇಕೆಂಬುದು ಕರ್ಮನಿಯಮ. ಒಬ್ಬನು ಶಿಲುಬೆಯ ಮೇಲೆ ಸತ್ತರೆ ಇನ್ನೊಬ್ಬನ ಪಾಪ ತೀರುವುದೆಂತು? ಇದನ್ನು ಕೇಳದೆ ಎಲ್ಲ ಮತಗಳೂ ಒಂದೇ ಎಂದುಬಿಡುವುದು ಬರಿಯ ಉಪಚಾರ. ಆದರೆ ಪ್ರಶ್ನೆ ನಮ್ಮತ್ತಲೂ ತಿರುಗುತ್ತದೆ: ಶರಣಾಗತನ ಸಂಚಿತಕರ್ಮ ಎಲ್ಲಿ ಹೋಯಿತು? ದೇವರೇ ಹೊತ್ತನು ಎನ್ನುತ್ತಾನೆ ಕ್ರೈಸ್ತನು. ವಿಶಿಷ್ಟಾದ್ವೈತಿಯ ಉತ್ತರವೇ ಬೇರೆ: ಪಾಪದ ಶಕ್ತಿಯೆಂದರೆ ಭಗವಂತನ ಅಪ್ರಸನ್ನತೆ, ಅವನು ಪ್ರಸನ್ನನಾದರೆ ಹೊರಲು ಏನೂ ಉಳಿಯದು. ನನಗೆ ಈ ಉತ್ತರವೇ ಯುಕ್ತವೆಂದು ತೋರುತ್ತದೆ. ಆದರೂ ಪಾಪದಿಂದ ನೊಂದವರ ಲೆಕ್ಕವನ್ನು ಕ್ರೈಸ್ತನ ಉತ್ತರ ಅಷ್ಟು ಸುಲಭವಾಗಿ ಅಳಿಸುವುದಿಲ್ಲವೆಂಬುದನ್ನು ಅಲ್ಲಗಳೆಯಲಾರೆ.