ಹಾರಿಹೋಗದ ಜೀವ

ಹಕ್ಕಿಗಳನ್ನು ನೋಡಲು ಹೊರಟ ಗುಂಪಿಗೆ ಶಿಸ್ತನ್ನು ಕಲಿಸುವ ಉಪಾಧ್ಯಾಯರು ಹಕ್ಕಿಗಳೇ. ಕಳೆದ ವರ್ಷ ನಾವು ಹದಿನೆಂಟು ಮಂದಿ ಅಂಡಮಾನ್ ದ್ವೀಪಗಳಿಗೆ ಹೋಗಿದ್ದೆವು. ದಕ್ಷಿಣ ಅಂಡಮಾನಿನ ತುದಿಯಲ್ಲಿರುವ ಚಿಡಿಯಾ ಟಾಪುವಿನ ಕಾಡನ್ನು ಬೆಳಗಿನ ಜಾವ ಹೊಕ್ಕಾಗ ನಮ್ಮ ಮಾತು ಸಂತೆಯ ಗದ್ದಲದಂತಿತ್ತು. ಒಣಮರದ ಮೇಲಿದ್ದ ಕಪ್ಪು ಮರಕುಟಿಗವೊಂದು ಬೆದರಿ ಹಾರಿಹೋಯಿತು. ಅದು ಅಂಡಮಾನಿನಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ಕಾಣಸಿಗದ ಜಾತಿಯೆಂದು ಮಾರ್ಗದರ್ಶಿ ತಿಳಿಸಿದ ಮೇಲೆ ಯಾರೂ ತುಟಿ ಬಿಚ್ಚಲಿಲ್ಲ. ಅರ್ಧ ಗಂಟೆಯ ಮೌನಕ್ಕೆ ಪ್ರತಿಫಲವಾಗಿ ಕಂದುಬಣ್ಣದ ಅಂಡಮಾನ್ ಕೆಂಬೂತವೂ, ಕಡಲಿನ ಮೇಲೆ ಸುತ್ತುತ್ತಿದ್ದ ಬಿಳಿಹೊಟ್ಟೆಯ ಕಡಲ ಹದ್ದೂ ನಮ್ಮ ದುರ್ಬೀನುಗಳಿಗೆ ದೊರೆತವು.

ಆದರೆ ಕಡಲಿನೊಳಗೆ ಇಂತಹ ಉಪಾಧ್ಯಾಯರಿಲ್ಲ. ಮರುದಿನ ವಂಡೂರಿನಿಂದ ದೋಣಿಯಲ್ಲಿ ಜಾಲಿ ಬಾಯ್ ಎಂಬ ದ್ವೀಪಕ್ಕೆ ಹೋದೆವು. ಅದು 1983ರಲ್ಲಿ ಸ್ಥಾಪಿತವಾದ ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ, ಜನವಸತಿಯಿಲ್ಲದ ದ್ವೀಪ. ಗಾಜಿನ ಮುಖವಾಡ ಧರಿಸಿ, ಸ್ನಾರ್ಕೆಲ್ ಎಂಬ ಉಸಿರಾಟದ ಕೊಳವೆಯನ್ನು ಬಾಯಲ್ಲಿ ಕಚ್ಚಿ, ನೀರಿನ ಮೇಲೆ ಬೋರಲಾಗಿ ತೇಲಿದೆ. ಹವಳವೆಂದರೆ ಅದುವರೆಗೆ ನನ್ನ ಮನಸ್ಸಿಗೆ ಬರುತ್ತಿದ್ದುದು ಉಂಗುರದಲ್ಲಿ ಕೂರಿಸುವ ಕಲ್ಲು. ಅಲ್ಲಿ ಕಂಡದ್ದು ಪುಟ್ಟ ಪ್ರಾಣಿಗಳು ಕೂಡಿ ಕಟ್ಟಿದ ಊರು. ಅದರ ಓಣಿಗಳಲ್ಲಿ ಗಿಳಿಮೀನುಗಳ ಸಂಚಾರ. ಅಷ್ಟರಲ್ಲಿ ಮುಖವಾಡದೊಳಕ್ಕೆ ನೀರು ನುಗ್ಗಿತು. ಗಾಬರಿಯಿಂದ ಕಾಲೂರಿದೆ. ಪಾದದಡಿಯಲ್ಲಿ ಕೊಂಬೆಯಂತಹ ಹವಳವೊಂದು ಮುರಿಯಿತು. ಹಕ್ಕಿಯಾಗಿದ್ದರೆ ಹಾರಿಹೋಗುತ್ತಿತ್ತು.

‘ಒಂದು ರೆಂಬೆ ಮುರಿದರೆ ಏನಾಯಿತು? ಮತ್ತೆ ಬೆಳೆಯದೇ?’ ಎಂದು ಜೊತೆಗಾರರೊಬ್ಬರು ಸಮಾಧಾನ ಹೇಳಿದರು. ಅದು ನನಗೆ ಒಪ್ಪಿಗೆಯಾಗಲಿಲ್ಲ. ಬಂಡೆಯಾಕಾರದ ಹವಳಗಳಲ್ಲಿ ಅನೇಕವು ವರ್ಷಕ್ಕೆ ಸುಮಾರು 1 ಸೆಂಟಿಮೀಟರಿನಷ್ಟೇ ಬೆಳೆಯುತ್ತವೆ. ಕೊಂಬೆಯ ಹವಳಗಳು ಬೇಗ ಬೆಳೆದರೂ ಬೇಗನೆ ಮುರಿಯುತ್ತವೆ. ಇನ್ನೊಂದು ಸಂಗತಿಯೂ ಉಂಟು. ಹವಳದ ಒಡಲಿನಲ್ಲಿ ಬಾಳುವ ಸೂಕ್ಷ್ಮ ಪಾಚಿಗಳೇ ಅದಕ್ಕೆ ಆಹಾರದ ಬಹುಪಾಲನ್ನೂ ಬಣ್ಣವನ್ನೂ ಒದಗಿಸುತ್ತವೆ. ಕಡಲ ನೀರು ಅತಿಯಾಗಿ ಬಿಸಿಯಾದರೆ ಹವಳವು ಆ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಬಿಸಿ ಬಹುಕಾಲ ಉಳಿದರೆ ಸಾಯುತ್ತದೆ. 2010ರಲ್ಲಿಯೂ 2016ರಲ್ಲಿಯೂ ಅಂಡಮಾನಿನ ಹವಳಗಳು ಹೀಗೆ ಬಿಳಿಚಿದ್ದವು. ಕಾಯಿಲೆಯಿಂದ ಏಳುತ್ತಿರುವವರ ಮನೆಗೆ ನೆಂಟರು ಹಿಂಡಾಗಿ ನುಗ್ಗಿದಂತೆ ನಾವು ಅಲ್ಲಿಗೆ ಹೋಗಿದ್ದೆವು.

ಹಾಗೆಂದು ಇಂತಹ ಪ್ರವಾಸಗಳನ್ನೇ ನಿಲ್ಲಿಸಬೇಕೆಂಬ ವಾದ ನನ್ನದಲ್ಲ. ಕಣ್ಣಾರೆ ಕಾಣದಿದ್ದರೆ ಹವಳವು ನನಗೆ ಇಂದಿಗೂ ಉಂಗುರದ ಕಲ್ಲಾಗಿಯೇ ಉಳಿಯುತ್ತಿತ್ತು. ದ್ವೀಪಕ್ಕೆ ಪ್ಲಾಸ್ಟಿಕ್ಕನ್ನು ಒಯ್ಯದಂತೆ ವಂಡೂರಿನಲ್ಲಿಯೇ ತಡೆಯುತ್ತಾರೆ. ಇದು ಮೆಚ್ಚತಕ್ಕ ಏರ್ಪಾಡು. ಆದರೆ ಚೀಲವನ್ನು ಪರೀಕ್ಷಿಸಿದಂತೆ ಚೀಲ ಹೊತ್ತವನನ್ನೂ ಪರೀಕ್ಷಿಸಬೇಡವೇ? ಹವಳವಿಲ್ಲದ ಮರಳುದಡದಲ್ಲಿ ಮೊದಲು ಅಭ್ಯಾಸವಾಗಲಿ. ಕಾಲೂರದೆ ತೇಲಬಲ್ಲವರನ್ನು, ಮುಖವಾಡಕ್ಕೆ ನುಗ್ಗಿದ ನೀರನ್ನು ಗಾಬರಿಯಿಲ್ಲದೆ ಹೊರಚೆಲ್ಲಬಲ್ಲವರನ್ನು ಮಾತ್ರ, ಒಮ್ಮೆಗೆ ನಾಲ್ಕೈದು ಮಂದಿಯಂತೆ ಮುಂದಕ್ಕೆ ಬಿಡಬೇಕು. ಉಳಿದವರಿಗೆ ಗಾಜಿನ ತಳದ ದೋಣಿ ಇದ್ದೇ ಇದೆ. ಹಣ ತೆತ್ತು ಬಂದವರಿಗೆ ಇದು ಅನ್ಯಾಯವೆಂದು ಕೆಲವರು ಗೊಣಗಬಹುದು. ನಾವು ಹಣ ತೆತ್ತಿದ್ದು ನೋಡುವುದಕ್ಕಲ್ಲದೆ ತುಳಿಯುವುದಕ್ಕಲ್ಲ.

ನಮ್ಮ ಗುಂಪು ಮತ್ತೊಮ್ಮೆ ಹೊರಡುವ ಸಿದ್ಧತೆಯಲ್ಲಿದೆ. ಗಾಜಿನ ದೋಣಿಯ ಪಟ್ಟಿಯಲ್ಲಿ ಮೊದಲನೆಯ ಹೆಸರು ನನ್ನದು. ನನ್ನ ಪತ್ನಿ ಬಾಲ್ಯದಲ್ಲಿ ಊರ ಕೆರೆಯಲ್ಲಿ ಈಜು ಕಲಿತವಳು. ಈ ಸಲ ನೀರಿಗೆ ಇಳಿಯುವವಳು ಆಕೆ.